ಬಣ್ಣ ನೋಡಿ ಮೂಲ ಹೇಳಬಹುದೇ? ಕಾಲರ್ಡ್ ಲಿಜರ್ಡ್ ಕುರಿತು ಓದುಗರ ಪ್ರಶ್ನೆಗಳು

ಅಮೆರಿಕದ ಬಂಡೆನಾಡುಗಳಲ್ಲಿ ವಾಸಿಸುವ ಕಾಲರ್ಡ್ ಲಿಜರ್ಡ್ ಎಂಬ ಓತಿಯ ಬಗ್ಗೆ ಈ ಬಾರಿ ಹಲವು ಪತ್ರಗಳು ಬಂದಿವೆ. ಒಂದೇ ತೆರನಾದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ. ಕೆಲವರು ಅದರ ಬಣ್ಣದ ಬಗ್ಗೆ ಕೇಳಿದ್ದಾರೆ, ಕೆಲವರು ಅದನ್ನು ದೇಶದಿಂದ ದೇಶಕ್ಕೆ ಕಳುಹಿಸುವ ಕಾನೂನಿನ ಬಗ್ಗೆ ಕೇಳಿದ್ದಾರೆ.

ಪ್ರಶ್ನೆ: ಒಕ್ಲಹೋಮದ ವಿಚಿತಾ ಪರ್ವತಗಳಲ್ಲಿ ನಾವು ಕಂಡ ಕಾಲರ್ಡ್ ಲಿಜರ್ಡ್‌ನ ಮೈ ಕಂದುಮಿಶ್ರಿತ ಹಸಿರಾಗಿತ್ತು. ಬೇಸಿಗೆ ರಜೆಯಲ್ಲಿ ಯೂಟಾದ ಮೋಆಬ್ ಬಳಿ ಕಂಡದ್ದಕ್ಕೆ ಎದ್ದುಕಾಣುವ ಹಸಿರು ಮೈ, ಹಳದಿ ತಲೆ. ಎರಡನ್ನೂ ಅಲ್ಲಿನವರು ಒಂದೇ ಹೆಸರಿನಿಂದ ಕರೆದರು. ಇವು ನಿಜಕ್ಕೂ ಒಂದೇ ಪ್ರಾಣಿಯೇ? (ಓದುಗರೊಬ್ಬರು, ತುಲ್ಸಾ)

ಉತ್ತರ: ಹೌದು, ಎರಡೂ ಒಂದೇ ಪ್ರಭೇದ. ಇದರ ವೈಜ್ಞಾನಿಕ ಹೆಸರು ಕ್ರೋಟಾಫೈಟಸ್ ಕೊಲ್ಲಾರಿಸ್. ಪ್ರಕೃತಿವಿಜ್ಞಾನಿ ಥಾಮಸ್ ಸೇ ಇದನ್ನು 1823ರಲ್ಲಿ ಮೊದಲ ಬಾರಿಗೆ ವರ್ಣಿಸಿದರು. ಪೂರ್ವದಲ್ಲಿ ಮಿಸ್ಸೂರಿಯ ಓಝಾರ್ಕ್ ಗುಡ್ಡಗಳಿಂದ ಹಿಡಿದು ಒಕ್ಲಹೋಮ, ಟೆಕ್ಸಾಸ್, ನ್ಯೂ ಮೆಕ್ಸಿಕೊಗಳನ್ನು ದಾಟಿ ಪಶ್ಚಿಮದಲ್ಲಿ ಯೂಟಾ, ಅರಿಝೋನಾವರೆಗೂ, ದಕ್ಷಿಣದಲ್ಲಿ ಮೆಕ್ಸಿಕೊದ ಒಳಗೂ ಇದರ ನೆಲೆ ಹಬ್ಬಿದೆ. ಕೊರಳ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟಿಗಳಿರುವುದು ಇದರ ಗುರುತು. ಮೈಬಣ್ಣ ಬದಲಾದರೂ ಈ ಪಟ್ಟಿಗಳು ಉಳಿದುಕೊಳ್ಳುತ್ತವೆ.

ನಿಮಗೆ ಬಂದ ಅನುಮಾನ ಹಿಂದಿನ ತಜ್ಞರಿಗೂ ಬಂದಿತ್ತು. ಪಶ್ಚಿಮದ ಓತಿಗಳಿಗೆ 1890ರಲ್ಲಿ ‘ಬೈಲೇಯಿ’ ಎಂಬ ಹೆಸರು ಬಂತು. ಕೊಲರಾಡೊ ನದಿಯ ಮೇಲ್ಭಾಗದ ಹಳದಿ ತಲೆಯ ಓತಿಗಳಿಗೆ 1951ರಲ್ಲಿ ‘ಆರಿಸೆಪ್ಸ್’ ಎಂಬ ಉಪಪ್ರಭೇದದ ಹೆಸರು ಬಂತು. ಮೋಆಬ್‌ನಲ್ಲಿ ನೀವು ಕಂಡದ್ದು ಈ ಎರಡನೆಯ ಬಗೆಯದು. ಆದರೆ ಸರೀಸೃಪ ತಜ್ಞ ಜಿಮ್ಮಿ ಮೆಕ್‌ಗೈರ್ ಅವರು 1996ರಲ್ಲಿ ಈ ಓತಿಗಳ ಇಡೀ ಕುಟುಂಬವನ್ನು ಪರಾಮರ್ಶಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಉಪಪ್ರಭೇದಗಳನ್ನು ಕೈಬಿಟ್ಟರು. ಒಂದು ಕಣಿವೆಯ ಬಣ್ಣ ಮುಂದಿನ ಕಣಿವೆಯ ಬಣ್ಣದೊಳಗೆ ಮೆಲ್ಲನೆ ಕರಗುತ್ತ ಹೋಗುವಾಗ ಇಲ್ಲಿಗೆ ಒಂದು ಮುಗಿಯಿತು, ಇಲ್ಲಿಂದ ಇನ್ನೊಂದು ಶುರುವಾಯಿತು ಎಂದು ಗೆರೆ ಎಳೆಯಲು ಆಧಾರವಿರಲಿಲ್ಲ. ಮಾರಾಟಗಾರರ ಪಟ್ಟಿಗಳಲ್ಲಿ ಮಾತ್ರ ಆ ಹಳೆಯ ಹೆಸರುಗಳು ಇಂದಿಗೂ ಬದುಕಿವೆ. ಹೆಸರು ಬೇರೆಯಾದರೆ ಬೆಲೆಯೂ ಬೇರೆಯಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಬಣ್ಣ ಹೀಗೆ ಬದಲಾಗಲು ಕಾರಣ ಚರ್ಮದ ರಚನೆಯಲ್ಲಿದೆ. ಓತಿಯ ಚರ್ಮದಲ್ಲಿ ಮೂರು ಬಗೆಯ ಬಣ್ಣದ ಕೋಶಗಳು ಒಂದರ ಕೆಳಗೊಂದು ಇರುತ್ತವೆ. ಮೇಲಿನವುಗಳಲ್ಲಿ ಹಳದಿ, ಕಿತ್ತಳೆ ವರ್ಣದ್ರವ್ಯಗಳಿರುತ್ತವೆ. ನಡುವಿನವುಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಸೂಕ್ಷ್ಮ ಹರಳುಗಳಿದ್ದು, ಅವು ಬೆಳಕಿನ ನೀಲಿ ಭಾಗವನ್ನು ಹಿಂದಕ್ಕೆ ಕಳುಹಿಸುತ್ತವೆ. ಕೆಳಗಿನವುಗಳಲ್ಲಿ ಕಪ್ಪು ಮೆಲನಿನ್ ಇರುತ್ತದೆ. ನೀಲಿಯ ಮೇಲೆ ಹಳದಿಯ ಪದರವಿದ್ದರೆ ನಮ್ಮ ಕಣ್ಣಿಗೆ ಹಸಿರು ಕಾಣುತ್ತದೆ, ಹಳದಿ ತೆಳುವಾದರೆ ನೀಲಿಯೇ ಮುಂದೆ ಬರುತ್ತದೆ, ಮೆಲನಿನ್ ಹರಡಿಕೊಂಡರೆ ಎಲ್ಲವೂ ಮಂಕಾಗುತ್ತದೆ. ಹಸಿರು ಸರೀಸೃಪಗಳನ್ನು ಮದ್ಯಸಾರದಲ್ಲಿಟ್ಟಾಗ ಹಳದಿ ದ್ರವ್ಯ ಕರಗಿ ನೀಲಿ ಉಳಿದುಬಿಡುವುದನ್ನು ವಸ್ತುಸಂಗ್ರಹಾಲಯಗಳ ಜಾಡಿಗಳಲ್ಲಿ ಕಾಣಬಹುದು. ಹೀಗಾಗಿ ಹಸಿರು ಓತಿ, ನೀಲಿ ಓತಿ ಎಂಬ ವ್ಯತ್ಯಾಸ ನಾವು ಭಾವಿಸುವಷ್ಟು ದೊಡ್ಡದಲ್ಲ. ಮೂರು ಪದರಗಳ ಪ್ರಮಾಣ ಕೊಂಚ ಹೆಚ್ಚುಕಡಿಮೆಯಾದರೂ ಸಾಕು.

ಇದರ ಜೊತೆಗೆ ದಿನದ ಹೊತ್ತನ್ನೂ ಗಮನಿಸಬೇಕು. ಬೆಳಗಿನ ತಂಪಿನಲ್ಲಿ ಬಂಡೆಯ ಸಂದಿನಿಂದ ಈಗಷ್ಟೇ ಹೊರಬಂದ ಗಂಡು ಮಸಿ ಬಳಿದಂತೆ ಕಪ್ಪಾಗಿ ಕಾಣುತ್ತದೆ. ಬಿಸಿಲು ಕಾಯಿಸಿ ಮೈ ಬಿಸಿಯೇರಿದ ಮೇಲೆ ಅದೇ ಗಂಡಿನ ಬಣ್ಣ ಹೊಳೆಯತೊಡಗುತ್ತದೆ. ವಿಚಿತಾದಲ್ಲಿ ನೀವು ಬೆಳಗ್ಗೆ ನೋಡಿ, ಮೋಆಬ್‌ನಲ್ಲಿ ನಡುಹಗಲಲ್ಲಿ ನೋಡಿದ್ದರೆ ವ್ಯತ್ಯಾಸದ ಒಂದು ಪಾಲು ಅದರಿಂದಲೇ ಬಂದಿರಬಹುದು. ಹೆಣ್ಣು, ಗಂಡುಗಳ ಭೇದವೂ ದೊಡ್ಡದು. ಗಾಢ ಬಣ್ಣವೆಲ್ಲ ಬಲಿತ ಗಂಡಿನದು, ಹೆಣ್ಣು ಸಾಮಾನ್ಯವಾಗಿ ಕಂದು ಅಥವಾ ಬೂದು.

ಇಷ್ಟೆಲ್ಲ ಕಳೆದ ಮೇಲೂ ಒಂದೊಂದು ನೆಲೆಯ ಗಂಡುಗಳ ಬಣ್ಣದಲ್ಲಿ ನಿಜವಾದ ವ್ಯತ್ಯಾಸ ಉಳಿಯುತ್ತದೆ. ಒಕ್ಲಹೋಮದ ಬೇರೆ ಬೇರೆ ನೆಲೆಗಳಲ್ಲಿ ಇದನ್ನು ಅಳೆದು ನೋಡಿದ ಸಂಶೋಧಕರು ಎರಡು ಒತ್ತಡಗಳ ಎಳೆದಾಟವನ್ನು ಗುರುತಿಸಿದ್ದಾರೆ. ಹೆಣ್ಣಿಗೂ ಎದುರಾಳಿ ಗಂಡಿಗೂ ಎದ್ದು ಕಾಣಬೇಕಾದ ಅಗತ್ಯ ಒಂದು ಕಡೆ, ಹದ್ದು, ಹಾವುಗಳ ಕಣ್ಣಿಗೆ ಬೀಳಬಾರದೆಂಬ ಅಗತ್ಯ ಇನ್ನೊಂದು ಕಡೆ. ಹಿನ್ನೆಲೆಯ ಕಲ್ಲಿನ ಬಣ್ಣ, ಅಡಗಲು ಸಿಗುವ ಸಂದುಗಳು, ಸುತ್ತಮುತ್ತ ಇರುವ ಬೇಟೆಗಾರ ಪ್ರಾಣಿಗಳು ಬದಲಾದಂತೆ ಈ ಲೆಕ್ಕವೂ ಬದಲಾಗುತ್ತದೆ.

ಪ್ರಶ್ನೆ: ನಮ್ಮ ಮನೆಯ ಹಿಂದಿನ ಕಲ್ಲುಗುಡ್ಡದಲ್ಲಿರುವ ಹೆಣ್ಣು ಓತಿಯ ಪಕ್ಕೆಗಳಲ್ಲಿ ಇದ್ದಕ್ಕಿದ್ದಂತೆ ಕಿತ್ತಳೆ ಬಣ್ಣದ ಮಚ್ಚೆಗಳು ಮೂಡಿವೆ. ಇದು ರೋಗವೇ? (ಓದುಗರೊಬ್ಬರು, ಸ್ಯಾಂಟಾ ಫೆ)

ಉತ್ತರ: ರೋಗವಲ್ಲ, ಅದು ಬಸಿರಿನ ಬಣ್ಣ. ಹೊಟ್ಟೆಯಲ್ಲಿ ಮೊಟ್ಟೆಗಳಿರುವಾಗ ಹೆಣ್ಣಿನ ಕೊರಳು, ಪಕ್ಕೆಗಳ ಮೇಲೆ ಕಿತ್ತಳೆ ಅಥವಾ ಕೆಂಪು ಮಚ್ಚೆ, ಪಟ್ಟೆಗಳು ಮೂಡುತ್ತವೆ, ಮೊಟ್ಟೆ ಇಟ್ಟ ಬಳಿಕ ಮಾಸುತ್ತವೆ. ಪ್ರೊಜೆಸ್ಟರಾನ್ ಹಾರ್ಮೋನಿನ ಪ್ರಭಾವದಿಂದ ಹೀಗಾಗುತ್ತದೆ ಎಂಬುದನ್ನು 1970ರ ದಶಕದ ಆರಂಭದಲ್ಲೇ ಪ್ರಯೋಗಗಳಿಂದ ತೋರಿಸಲಾಗಿದೆ. ಅದೇ ಬೇಸಿಗೆಯಲ್ಲಿ ಹುಟ್ಟಿದ ಗಂಡುಮರಿಗಳ ಪಕ್ಕೆಯಲ್ಲೂ ಕಿತ್ತಳೆ ಪಟ್ಟೆಗಳು ಮೂಡುತ್ತವೆ, ಬಲಿಯುವ ಹೊತ್ತಿಗೆ ಮಾಯವಾಗುತ್ತವೆ. ಆದ್ದರಿಂದ ಕಿತ್ತಳೆ ಕಂಡ ಕೂಡಲೇ ಹೆಣ್ಣು ಎಂದು ತೀರ್ಮಾನಿಸುವ ಮೊದಲು ಗಾತ್ರವನ್ನು ನೋಡಿರಿ.

ಪ್ರಶ್ನೆ: ಚಿಕ್ಕಬಳ್ಳಾಪುರದ ಬಂಡೆಗಳ ಮೇಲೆ ನಾವು ಕಾಣುವ ಕೆಂಪು-ಕಪ್ಪು ಓತಿಕ್ಯಾತಕ್ಕೂ ಇದಕ್ಕೂ ನೆಂಟಸ್ತಿಕೆ ಇದೆಯೇ? (ವಿದ್ಯಾರ್ಥಿನಿ, ಬೆಂಗಳೂರು)

ಉತ್ತರ: ಹತ್ತಿರದ ನೆಂಟಸ್ತಿಕೆ ಇಲ್ಲ. ನೀವು ಹೇಳುತ್ತಿರುವುದು ಸಾಮೊಫಿಲಸ್ ಡಾರ್ಸಾಲಿಸ್ ಎಂಬ ಬಂಡೆ ಓತಿ, ಅದು ಅಗಾಮಿಡೆ ಕುಟುಂಬಕ್ಕೆ ಸೇರಿದ್ದು. ಕಾಲರ್ಡ್ ಲಿಜರ್ಡ್ ಉತ್ತರ ಅಮೆರಿಕಕ್ಕೆ ಮಾತ್ರ ಸೀಮಿತವಾದ ಕ್ರೋಟಾಫೈಟಿಡೆ ಕುಟುಂಬದ್ದು. ಎರಡರಲ್ಲೂ ಗಂಡುಗಳು ಬಂಡೆಯ ನೆತ್ತಿಯ ಮೇಲೆ ಕುಳಿತು ತಮ್ಮ ಸೀಮೆ ಕಾಯುವುದರಿಂದ ನಡವಳಿಕೆಯಲ್ಲಿ ಹೋಲಿಕೆ ಕಾಣುತ್ತದೆ. ಬಣ್ಣದ ವಿಷಯದಲ್ಲಿ ನಮ್ಮ ಓತಿಯೇ ಹೆಚ್ಚು ಚುರುಕು. ಎದುರಿಗೆ ಬಂದದ್ದು ಹೆಣ್ಣೋ ಪ್ರತಿಸ್ಪರ್ಧಿ ಗಂಡೋ ಎಂಬುದರ ಮೇಲೆ ಅದು ನೋಡನೋಡುತ್ತಿದ್ದಂತೆಯೇ ಬಣ್ಣ ಬದಲಿಸುತ್ತದೆ. ಈ ಕುರಿತು ನಿಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಒಳ್ಳೆಯ ಸಂಶೋಧನೆ ನಡೆದಿದೆ.

ಪ್ರಶ್ನೆ: ಇದು ಬೊಗಳುತ್ತದೆಯಂತೆ, ನಿಜವೇ? (ಓದುಗರೊಬ್ಬರು, ಹಾಸನ)

ಉತ್ತರ: ಇಲ್ಲ. ಒಕ್ಲಹೋಮದಲ್ಲಿ ಇದಕ್ಕೆ ‘ಮೌಂಟನ್ ಬೂಮರ್’, ಅಂದರೆ ಬೆಟ್ಟದಲ್ಲಿ ಮೊಳಗುವುದು, ಎಂಬ ಅಡ್ಡಹೆಸರಿದೆ, 1969ರಿಂದ ಅದು ಆ ರಾಜ್ಯದ ಅಧಿಕೃತ ಸರೀಸೃಪವೂ ಹೌದು. ಆದರೆ ಅದು ಕೂಗುವುದಿಲ್ಲ. ಬಾಯಿ ಅಗಲಿಸಿ ಹೆದರಿಸುವುದಂತೂ ಉಂಟು. ಆಗ ಬಾಯಿಯ ಮೂಲೆಗಳಲ್ಲಿ ಕಾಣುವ ಬಿಳಿ ಭಾಗ ನಮಗೆ ಕಾಣದ ನೇರಳಾತೀತ ಬೆಳಕನ್ನೂ ಪ್ರತಿಫಲಿಸಿ, ತನ್ನ ಕಡಿತ ಎಷ್ಟು ಬಲವಾದುದು ಎಂಬುದನ್ನು ಎದುರಾಳಿಗೆ ತಿಳಿಸುತ್ತದೆ.

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿ ಮನೆಯಲ್ಲೇ ಕಾಲರ್ಡ್ ಲಿಜರ್ಡ್‌ಗಳನ್ನು ಸಾಕಿ ಮರಿ ಮಾಡಿಸುತ್ತೇನೆ. ಜರ್ಮನಿಯ ಪರಿಚಿತರೊಬ್ಬರು ನಾಲ್ಕು ಮರಿಗಳನ್ನು ಕೊಳ್ಳಲು ಮುಂದೆ ಬಂದಿದ್ದಾರೆ. ಈ ಪ್ರಾಣಿ ಸೈಟಿಸ್ ಪಟ್ಟಿಯಲ್ಲಿ ಇಲ್ಲವಾದ್ದರಿಂದ ಯಾವ ಕಾಗದಪತ್ರವೂ ಬೇಡ ಎಂದು ಒಬ್ಬರು ಹೇಳಿದರು. ಹಾಗೆಯೇ? (ಓದುಗರೊಬ್ಬರು, ಹ್ಯೂಸ್ಟನ್)

ಉತ್ತರ: ಹಾಗಲ್ಲ. ಸರೀಸೃಪ ಸಾಕುವವರಲ್ಲಿ ಅತಿ ಹೆಚ್ಚು ಜನರನ್ನು ತೊಂದರೆಗೆ ಸಿಲುಕಿಸುವ ತಪ್ಪು ತಿಳಿವಳಿಕೆ ಇದೇ ಆದ್ದರಿಂದ ತುಸು ವಿವರವಾಗಿ ಹೇಳುತ್ತೇನೆ. ಸೈಟಿಸ್ ಎಂಬುದು 1973ರಲ್ಲಿ ಒಪ್ಪಿತವಾಗಿ 1975ರಲ್ಲಿ ಜಾರಿಗೆ ಬಂದ, ಅಳಿವಿನ ಅಪಾಯವಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ. ಕಾಲರ್ಡ್ ಲಿಜರ್ಡ್ ಅದರ ಪಟ್ಟಿಗಳಲ್ಲಿ ಇಲ್ಲ ಎಂಬುದು ಸರಿ. ಅದರಿಂದ ತಪ್ಪುವುದು ಸೈಟಿಸ್ ಪರವಾನಗಿಯ ಅಗತ್ಯವೊಂದು ಮಾತ್ರ. ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವೆಯ ನಿಯಮಗಳು ಪಟ್ಟಿಯಲ್ಲಿಲ್ಲದ ವನ್ಯಜೀವಿಗಳಿಗೂ ಅನ್ವಯಿಸುತ್ತವೆ, ಮನೆಯಲ್ಲಿ ಹುಟ್ಟಿದ ಮರಿಯೂ ಆ ಕಾನೂನಿನ ದೃಷ್ಟಿಯಲ್ಲಿ ವನ್ಯಜೀವಿಯೇ.

ನೀವು ಹಣಕ್ಕೆ ಮಾರುತ್ತಿರುವುದರಿಂದ ಮೊದಲು ಆ ಸೇವೆಯಿಂದ ಆಮದು-ರಫ್ತು ಲೈಸೆನ್ಸ್ ಪಡೆಯಬೇಕು. ಪ್ರತಿ ಸರಕಿಗೂ 3-177 ಎಂಬ ಸಂಖ್ಯೆಯ ಘೋಷಣಾ ನಮೂನೆಯನ್ನು ಭರ್ತಿ ಮಾಡಿ, ಪ್ರಭೇದದ ವೈಜ್ಞಾನಿಕ ಹೆಸರು, ಸಂಖ್ಯೆ, ಯಾವ ದೇಶದ ಮೂಲದ್ದು, ಕಾಡಿನಿಂದ ಹಿಡಿದದ್ದೋ ಸಾಕಣೆಯಲ್ಲಿ ಹುಟ್ಟಿದ್ದೋ ಎಂಬುದನ್ನು ತಿಳಿಸಬೇಕು. ಯಾವ ವಿಮಾನ ನಿಲ್ದಾಣದಿಂದ ಬೇಕಾದರೂ ಕಳುಹಿಸುವಂತಿಲ್ಲ. ಇದಕ್ಕೆಂದು ಗೊತ್ತುಪಡಿಸಿದ ನಿಲ್ದಾಣಗಳಿವೆ, ಅದೃಷ್ಟವಶಾತ್ ಹ್ಯೂಸ್ಟನ್ ಹಾಗೂ ಡಲ್ಲಾಸ್-ಫೋರ್ಟ್ ವರ್ತ್ ಎರಡೂ ಆ ಪಟ್ಟಿಯಲ್ಲಿವೆ. ಸರಕು ಹೊರಡುವುದಕ್ಕೆ ಕನಿಷ್ಠ 48 ಗಂಟೆ ಮುಂಚೆ ಅಲ್ಲಿನ ವನ್ಯಜೀವಿ ತಪಾಸಣಾಧಿಕಾರಿಗೆ ತಿಳಿಸಬೇಕು. ಜರ್ಮನಿಯ ಕಡೆಯ ಪಶುವೈದ್ಯ ನಿಯಮಗಳನ್ನು ಕೊಳ್ಳುವವರಿಂದಲೇ ಲಿಖಿತವಾಗಿ ತರಿಸಿಕೊಳ್ಳಿ. ಆರೋಗ್ಯ ಪ್ರಮಾಣಪತ್ರ ಬೇಕೆಂದಾದರೆ ಪಶುವೈದ್ಯರು ಬರೆದದ್ದಕ್ಕೆ ಅಮೆರಿಕದ ಕೃಷಿ ಇಲಾಖೆಯ ದೃಢೀಕರಣ ಮಾಡಿಸಬೇಕಾಗುತ್ತದೆ.

ಇವೆಲ್ಲ ಕಾಲಕ್ಕೆ ಸರಿಯಾಗಿ ಮಾಡಿದರೆ ಆಗುವ ಕೆಲಸಗಳೇ. ನಿಜವಾದ ಕಷ್ಟ ಇರುವುದು ಮೂಲವನ್ನು ರುಜುವಾತುಪಡಿಸುವುದರಲ್ಲಿ. 1900ರ ಲೇಸಿ ಕಾಯ್ದೆಯ ಪ್ರಕಾರ, ಯಾವುದೇ ರಾಜ್ಯದ ಅಥವಾ ವಿದೇಶದ ಕಾನೂನನ್ನು ಮುರಿದು ಹಿಡಿದ, ಕೊಂಡ ಅಥವಾ ಸಾಗಿಸಿದ ಪ್ರಾಣಿಯನ್ನು ಗಡಿ ದಾಟಿಸಿದರೆ ಅದು ಕೇಂದ್ರ ಸರ್ಕಾರದ ಕಾನೂನಿನಡಿಯೂ ಅಪರಾಧವಾಗುತ್ತದೆ. ಅಂದರೆ ನಿಮ್ಮ ತಾಯಿ ಓತಿಯನ್ನು ಯಾರೋ ಯಾವುದೋ ರಾಜ್ಯದಲ್ಲಿ ಅಕ್ರಮವಾಗಿ ಹಿಡಿದು ನಿಮಗೆ ಮಾರಿದ್ದರೆ, ತೊಡಕು ಮರಿಗಳ ರಫ್ತಿನವರೆಗೂ ಹಿಂಬಾಲಿಸಬಹುದು. ರಾಜ್ಯಗಳ ನಿಯಮಗಳಂತೂ ಒಂದರ ಹಾಗೆ ಒಂದಿಲ್ಲ, ಮೇಲಾಗಿ ಬದಲಾಗುತ್ತಲೂ ಇರುತ್ತವೆ. ನೆವಾಡದಲ್ಲಿ ಮರುಭೂಮಿಯ ಸರೀಸೃಪಗಳನ್ನು ಮಾರಾಟಕ್ಕಾಗಿ ಎಷ್ಟು ಬೇಕಾದರೂ ಹಿಡಿಯಲು ಬಹುಕಾಲ ಅವಕಾಶವಿತ್ತು, 2017ರಲ್ಲಿ ಅಲ್ಲಿನ ವನ್ಯಜೀವಿ ಆಯೋಗ ಅದನ್ನು ನಿಲ್ಲಿಸುವ ತೀರ್ಮಾನ ಮಾಡಿತು. ಅಲ್ಲಿ ಸಿಗುವ ಗ್ರೇಟ್ ಬೇಸಿನ್ ಕಾಲರ್ಡ್ ಲಿಜರ್ಡ್ ಈ ವ್ಯಾಪಾರದ ಸರಕುಗಳಲ್ಲಿ ಒಂದಾಗಿತ್ತು. ನಿಮ್ಮ ಟೆಕ್ಸಾಸ್‌ನಲ್ಲಿ ಸ್ಥಳೀಯ ವನ್ಯಜೀವಿಗಳ ಮಾರಾಟಕ್ಕೆ ರಾಜ್ಯದ ಉದ್ಯಾನ ಮತ್ತು ವನ್ಯಜೀವಿ ಇಲಾಖೆಯ ಪ್ರತ್ಯೇಕ ಪರವಾನಗಿಗಳಿವೆ, ಕೇಂದ್ರದ ಲೈಸೆನ್ಸಿಗೆ ಅರ್ಜಿ ಹಾಕುವ ಮೊದಲು ಅವರನ್ನು ವಿಚಾರಿಸಿ.

ಆದ್ದರಿಂದ ಒಂದು ದಪ್ಪ ಪುಸ್ತಕವನ್ನು ಇಂದೇ ತೆರೆಯಿರಿ. ತಾಯಿ, ತಂದೆ ಓತಿಗಳನ್ನು ಯಾರಿಂದ ಯಾವಾಗ ಕೊಂಡಿರಿ ಎಂಬುದನ್ನು ರಸೀದಿ ಸಮೇತ ಇಟ್ಟುಕೊಳ್ಳಿ. ಮೊಟ್ಟೆ ಇಟ್ಟ ದಿನ, ಒಡೆದ ದಿನ, ಮರಿಗಳ ಸಂಖ್ಯೆ, ಪ್ರತಿ ಮರಿಯ ಬೆನ್ನಿನ ಹಾಗೂ ಕೊರಳಪಟ್ಟಿಯ ಛಾಯಾಚಿತ್ರ ಅದರಲ್ಲಿರಲಿ. ತಪಾಸಣಾಧಿಕಾರಿ ಕೇಳಿದಾಗ ‘ಇವು ನಮ್ಮಲ್ಲೇ ಹುಟ್ಟಿದವು’ ಎಂಬ ಬಾಯಿಮಾತು ನಡೆಯುವುದಿಲ್ಲ, ಮರಿಯ ಬಣ್ಣ ನೋಡಿ ಅವರೂ ಏನನ್ನೂ ಹೇಳಲಾರರು.

ಕೊನೆಯದಾಗಿ ಪೆಟ್ಟಿಗೆಯ ವಿಷಯ. ವಿಮಾನ ಸಂಸ್ಥೆಗಳು ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ಜೀವಂತ ಪ್ರಾಣಿ ಸಾಗಣೆ ನಿಯಮಗಳನ್ನು ಅನುಸರಿಸುತ್ತವೆ. ಕಾಲರ್ಡ್ ಲಿಜರ್ಡ್ ಮಿಡತೆಯ ಜೊತೆಗೆ ಸಣ್ಣ ಓತಿಗಳನ್ನೂ ಹಿಡಿದು ತಿನ್ನುವ ಪ್ರಾಣಿಯಾದ್ದರಿಂದ ಎರಡನ್ನು ಒಂದೇ ಚೀಲದಲ್ಲಿ ಹಾಕಬಾರದು. ಒಂದೊಂದಕ್ಕೂ ಗಾಳಿಯಾಡುವ ಪ್ರತ್ಯೇಕ ಬಟ್ಟೆಚೀಲ, ಚೀಲದ ಒಳಹೊಲಿಗೆಯಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಸಡಿಲ ನೂಲಿಲ್ಲದಂತೆ ಎಚ್ಚರ, ಚೀಲಗಳು ಅತ್ತಿತ್ತ ಉರುಳದಂತೆ ಹೊರಗೆ ಗಟ್ಟಿಯಾದ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಪ್ರಭೇದದ ಹೆಸರೂ ಸಂಖ್ಯೆಯೂ ನಮೂನೆಯಲ್ಲಿ ಇರುವಂತೆಯೇ ಬರೆದಿರಬೇಕು. ನಾಲ್ಕು ಎಂದು ಬರೆದು ಐದು ಇಟ್ಟರೆ, ಐದನೆಯದು ಉಡುಗೊರೆ ಎಂಬ ಸಮಜಾಯಿಷಿಯನ್ನು ಯಾರೂ ಒಪ್ಪುವುದಿಲ್ಲ. ಹ್ಯೂಸ್ಟನ್ನಿನ ಸುಡುಬೇಸಿಗೆಯಲ್ಲಿ ಹಾಗೂ ಜರ್ಮನಿಯ ಕಡುಚಳಿಯಲ್ಲಿ ಈ ಸಾಗಣೆಯನ್ನು ಮುಂದೂಡುವುದು ಲೇಸು.

ಪ್ರಶ್ನೆ: ಮೆಕ್ಸಿಕೊದ ದ್ವೀಪದ ಮೂಲದ್ದು ಎಂದು ಹೇಳಿ ಕಡುನೀಲಿ ಬಣ್ಣದ ಜೋಡಿಯೊಂದನ್ನು ಬಹಳ ದುಬಾರಿ ಬೆಲೆಗೆ ಮಾರಲು ಬಂದಿದ್ದಾರೆ. ಅಸಲಿಯೋ ಅಲ್ಲವೋ ತಿಳಿಯುವುದು ಹೇಗೆ? (ಓದುಗರೊಬ್ಬರು, ಫೀನಿಕ್ಸ್)

ಉತ್ತರ: ಅಸಲಿಯಾಗಿದ್ದರೆ ನಿಮ್ಮ ಚಿಂತೆ ಹೆಚ್ಚಬೇಕು. ಕಡುನೀಲಿಗೆ ಹೆಸರಾದದ್ದು ಕ್ರೋಟಾಫೈಟಸ್ ಡಿಕರ್ಸೊನೇ ಎಂಬ ಬೇರೆಯೇ ಪ್ರಭೇದ. ಅದು ಕ್ಯಾಲಿಫೋರ್ನಿಯಾ ಕೊಲ್ಲಿಯ ಟಿಬುರಾನ್ ದ್ವೀಪದಲ್ಲೂ ಅದರ ಎದುರಿನ ಸೊನೊರಾ ಕರಾವಳಿಯಲ್ಲೂ ಮಾತ್ರ ಇದೆ. ಮೆಕ್ಸಿಕೊ ಸರ್ಕಾರದ ಅನುಮತಿಯಿಲ್ಲದೆ ಅಲ್ಲಿಂದ ಹೊರಬಂದ ಪ್ರಾಣಿಗೆ ಮೇಲೆ ಹೇಳಿದ ಲೇಸಿ ಕಾಯ್ದೆ ಅನ್ವಯಿಸುತ್ತದೆ. ಇಷ್ಟು ಚಿಕ್ಕ ಸೀಮೆಯಲ್ಲಿ ಬದುಕುವ ಪ್ರಾಣಿಯಲ್ಲಿ ಹಿಡಿಯುವವರು ಹುಡುಕುವುದು ಅತಿ ಹೊಳಪಿನ ಬಲಿತ ಗಂಡುಗಳನ್ನೇ, ಅಡಗಿದ್ದನ್ನು ಹೊರತೆಗೆಯಲು ಹಾರೆ ಹಾಕಿ ಎಬ್ಬಿಸಿದ ಬಂಡೆಯ ಹಾಸುಗಳು ಮತ್ತೆ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ.

ಡಿಎನ್‌ಎ ಪರೀಕ್ಷೆಯಿಂದ ಎಲ್ಲವೂ ತಿಳಿಯುತ್ತದೆ ಎಂದು ಮಾರುವವರು ಹೇಳಿದರೆ ಅದನ್ನೂ ಪೂರ್ತಿ ನಂಬಬೇಡಿ. ಈ ಕುಲದ ಪ್ರಭೇದಗಳ ನಡುವೆ ಹಿಂದೆ ನಡೆದ ಬೆರಕೆಯಿಂದಾಗಿ ಒಂದು ಪ್ರಭೇದದ ಮೈಟೊಕಾಂಡ್ರಿಯದ ಡಿಎನ್‌ಎ ಇನ್ನೊಂದರಲ್ಲಿ ಸೇರಿಕೊಂಡಿರುವುದನ್ನು 2007ರ ಅಧ್ಯಯನವೊಂದು ತೋರಿಸಿದೆ. ತಾಯಿಯ ಕಡೆಯಿಂದ ಬರುವ ಆ ಒಂದು ಎಳೆಯನ್ನು ಮಾತ್ರ ಹಿಡಿದು ಪ್ರಭೇದವನ್ನಾಗಲಿ ಊರನ್ನಾಗಲಿ ತೀರ್ಮಾನಿಸಲು ಬರುವುದಿಲ್ಲ. ಪೂರ್ವಜರು ಯಾವ ವರ್ಷ, ಯಾವ ಪರವಾನಗಿಯ ಮೇಲೆ ಮೆಕ್ಸಿಕೊದಿಂದ ಹೊರಬಂದವು ಎಂಬ ಕಾಗದ ತೋರಿಸಲು ಹೇಳಿ. ತೋರಿಸದಿದ್ದರೆ ಕೊಳ್ಳಬೇಡಿ.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ದೀಪಾವಳಿಗೆ ಬರುವಾಗ ಒಂದು ಜೋಡಿ ಮರಿಗಳನ್ನು ಬ್ಯಾಗಿನಲ್ಲಿ ತರಬಹುದೇ? ಭಾರತದಲ್ಲಿ ಇದು ಸಂರಕ್ಷಿತ ಪ್ರಾಣಿಯಲ್ಲವಲ್ಲ? (ಓದುಗರೊಬ್ಬರು, ಮೈಸೂರು)

ಉತ್ತರ: ತರಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ ಸೈಟಿಸ್ ಪಟ್ಟಿಯ ವಿದೇಶಿ ಪ್ರಾಣಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕು. ಕಾಲರ್ಡ್ ಲಿಜರ್ಡ್ ಆ ಪಟ್ಟಿಯಲ್ಲಿಲ್ಲದ ಕಾರಣ ಆ ನೋಂದಣಿ ಬೇಡವೆಂದು ನೀವು ವಾದಿಸಬಹುದು. ಆಮದು ಬೇರೆ ವಿಷಯ. ಜೀವಂತ ಸರೀಸೃಪವನ್ನು ತರಲು ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಲೈಸೆನ್ಸ್, ಅದಕ್ಕೆ ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್ ಅವರ ನಿರಾಕ್ಷೇಪಣಾ ಪತ್ರ, ಪಶುಸಂಗೋಪನಾ ಇಲಾಖೆಯ ನೈರ್ಮಲ್ಯ ಆಮದು ಪರವಾನಗಿ, ಬಂದಿಳಿದ ಮೇಲೆ ಕ್ವಾರಂಟೈನ್ ಕೇಂದ್ರದ ತಪಾಸಣೆ ಇವೆಲ್ಲ ಬೇಕು. ಕ್ವಾರಂಟೈನ್ ಕೇಂದ್ರವೊಂದು ಬೆಂಗಳೂರಿನಲ್ಲೂ ಇದೆ. ಬ್ಯಾಗಿನಲ್ಲಿ ಮುಚ್ಚಿಟ್ಟು ತಂದರೆ ಕಸ್ಟಮ್ಸ್ ಕಾಯ್ದೆಯಡಿ ಪ್ರಾಣಿಯನ್ನು ಮುಟ್ಟುಗೋಲು ಹಾಕಿಕೊಳ್ಳುತ್ತಾರೆ, ಬಂಧನವೂ ಆಗಬಹುದು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸೂಟ್‌ಕೇಸುಗಳೊಳಗೆ ಹಾವು, ಇಗುವಾನಾ, ಆಮೆಗಳು ಸಿಕ್ಕ ಸುದ್ದಿಗಳನ್ನು ನೀವೂ ಓದಿರಬಹುದು, ಅವುಗಳಲ್ಲಿ ಕೆಲವು ದಾರಿಯಲ್ಲೇ ಸತ್ತಿರುತ್ತವೆ. ಇನ್ನು ಅಕ್ಕನ ಮಗ ಅಮೆರಿಕದಿಂದ ಹೊರಡುವಾಗ 3-177 ನಮೂನೆಯಲ್ಲಿ ಘೋಷಿಸದಿದ್ದರೆ ಅಲ್ಲಿಯೂ ತಪ್ಪಿತಸ್ಥನಾಗುತ್ತಾನೆ.

ಇದೇ ಪತ್ರದಲ್ಲಿ ನೀವು, ಬದಲಿಗೆ ಇಲ್ಲಿಂದ ಒಂದು ನಕ್ಷತ್ರ ಆಮೆಯನ್ನು ಕಳುಹಿಸಬಹುದೇ ಎಂದೂ ಕೇಳಿದ್ದೀರಿ. ಕೋಲಾರ, ಚಿಂತಾಮಣಿ ಸೀಮೆಯ ಕುರುಚಲು ಕಾಡುಗಳಲ್ಲೂ ಇರುವ ಈ ಆಮೆ 2019ರಿಂದ ಸೈಟಿಸ್‌ನ ಮೊದಲ ಪಟ್ಟಿಯಲ್ಲಿದೆ, ನಮ್ಮ ಕಾಯ್ದೆಯ ಮೊದಲ ಅನುಸೂಚಿಯಲ್ಲೂ ಇದೆ. ಅದನ್ನು ಹಿಡಿಯುವುದೂ, ಮನೆಯಲ್ಲಿಟ್ಟುಕೊಳ್ಳುವುದೂ, ಕಳುಹಿಸುವುದೂ ಅಪರಾಧ. ಈಗಾಗಲೇ ಮನೆಯಲ್ಲಿದ್ದರೆ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ ಒಪ್ಪಿಸಿಬಿಡಿ.